ಕೂದಲೆಳೆಯಷ್ಟು ಅಂತರ: ಕಿವಿಯ ಮಿತಿ ಅರಿತಿದ್ದ ಬಗ್ದಾದಿನ ವಿದ್ವಾಂಸರು

10ನೇ ಶತಮಾನದಲ್ಲಿ ಅಬೂ ನಸ್ರ್ ಅಲ್ ಫಾರಾಬಿ ಮತ್ತು 11ನೇ ಶತಮಾನದಲ್ಲಿ ಇಬ್ನ್ ಸೀನಾ ಒಂದೇ ಸ್ವರವನ್ನು ಅಳೆದರು. ಊದ್ ಎಂಬ ತಂತಿವಾದ್ಯದಲ್ಲಿ ನಡುಬೆರಳು ಊರುವ ಒಂದು ಜಾಗ ಅದು. ಫಾರಾಬಿ ಅದರ ಅನುಪಾತ 27ಕ್ಕೆ 22 ಎಂದು ಬರೆದರು. ಇಬ್ನ್ ಸೀನಾ 39ಕ್ಕೆ 32 ಎಂದು ಬರೆದರು. ತಂತಿಯ ಉದ್ದ 60 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಈ ಎರಡು ಗುರುತುಗಳ ನಡುವಿನ ದೂರ ಸುಮಾರು ಮೂರೂವರೆ ಮಿಲಿಮೀಟರ್ ಮಾತ್ರ. ಬೆರಳ ತುದಿಯೇ ಅದಕ್ಕಿಂತ ಮೂರು ಪಟ್ಟು ಅಗಲ!

ಇಬ್ಬರಲ್ಲಿ ಯಾರ ಅಳತೆ ಸರಿ? ಇಷ್ಟು ಸಣ್ಣ ಅಂತರ ಮನುಷ್ಯನ ಕಿವಿಗೆ ಕೇಳಿಸುತ್ತದೆಯೇ? ಕೇಳಿಸದಿದ್ದರೆ ಅದನ್ನು ಅಳೆದು ಬರೆದಿಡುವ ಅಗತ್ಯವಾದರೂ ಏನಿತ್ತು? ಸಣ್ಣದೆಂದು ತೋರುವ ಈ ಪ್ರಶ್ನೆಗಳ ಹಿಂದೆ ಸಾವಿರ ವರ್ಷಗಳ ಒಂದು ಇತಿಹಾಸವಿದೆ. ಅಲ್ಲಾಹನು ಕೊಟ್ಟ ಶ್ರವಣಶಕ್ತಿ ಎಲ್ಲಿಯವರೆಗೆ ಸಾಕ್ಷಿ ನುಡಿಯಬಲ್ಲದು, ಎಲ್ಲಿಂದಾಚೆಗೆ ಲೆಕ್ಕ ಮಾತ್ರ ಮಾತನಾಡುತ್ತದೆ ಎಂಬುದನ್ನು ನಮ್ಮ ಪೂರ್ವಿಕ ವಿದ್ವಾಂಸರು ಬಹಳ ಎಚ್ಚರದಿಂದ ವಿಚಾರಿಸಿದ್ದರು. ಆ ಎಚ್ಚರವನ್ನು ನಾವು ಇಂದು ನೆನೆಯಬೇಕಾಗಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ವಾದ್ಯ ಸಂಗೀತದ ವಿಧಿ-ನಿಷೇಧಗಳ ಬಗ್ಗೆ ಉಲಮಾಗಳ ನಡುವೆ ಅಭಿಪ್ರಾಯಭೇದವಿರುವುದು ಓದುಗರಿಗೆ ತಿಳಿದೇ ಇದೆ. ಈ ಲೇಖನ ಆ ಚರ್ಚೆಗೆ ಸಂಬಂಧಿಸಿದ್ದಲ್ಲ. ಆ ಕಾಲದಲ್ಲಿ ಸಂಗೀತಶಾಸ್ತ್ರವು ಅಂಕಗಣಿತ, ಜ್ಯಾಮಿತಿ, ಖಗೋಳಶಾಸ್ತ್ರಗಳ ಜೊತೆಗೆ ಗಣಿತದ ನಾಲ್ಕನೆಯ ಶಾಖೆಯಾಗಿತ್ತು. ವಿದ್ವಾಂಸರು ಅದನ್ನು ಶಬ್ದ ಮತ್ತು ಸಂಖ್ಯೆಯ ವಿಜ್ಞಾನವಾಗಿ ಕಲಿತರು, ಕಲಿಸಿದರು. ನಾವೂ ಅದನ್ನು ಹಾಗೆಯೇ ನೋಡುತ್ತಿದ್ದೇವೆ.

ತಂತಿ, ಸಂಖ್ಯೆ ಮತ್ತು ಸೆಂಟ್

ಬಿಗಿದ ತಂತಿಯೊಂದನ್ನು ಮೀಟಿದರೆ ಒಂದು ಸ್ವರ ಬರುತ್ತದೆ. ಅದನ್ನು ನಾವು 'ಸ' ಎನ್ನೋಣ. ತಂತಿಯ ಸರಿಯಾಗಿ ಅರ್ಧಕ್ಕೆ ಬೆರಳಿಟ್ಟು ಮೀಟಿದರೆ ಮೇಲಿನ 'ಸ' ಬರುತ್ತದೆ. ಮೂರರಲ್ಲಿ ಎರಡು ಪಾಲು ಮಾತ್ರ ಕಂಪಿಸುವಂತೆ ಮಾಡಿದರೆ 'ಪ', ನಾಲ್ಕರಲ್ಲಿ ಮೂರು ಪಾಲಾದರೆ 'ಮ'. ಉದ್ದದ ಅನುಪಾತವೇ ಸ್ವರದ ಅಂತರ. ಗ್ರೀಕರಿಗೆ ತಿಳಿದಿದ್ದ ಈ ವಿಷಯ ಅಬ್ಬಾಸಿ ಖಲೀಫರ ಕಾಲದಲ್ಲಿ ಅರಬಿ ಅನುವಾದಗಳ ಮೂಲಕ ಬಗ್ದಾದಿಗೆ ಬಂತು. 9ನೇ ಶತಮಾನದ ಅಲ್ ಕಿಂದಿಯವರು ಊದ್‌ನ ಸ್ವರಸ್ಥಾನಗಳನ್ನು ಲೆಕ್ಕ ಹಾಕಿ ಅಕ್ಷರಗಳಿಂದ ಗುರುತಿಸಿದರು.

ಅನುಪಾತಗಳನ್ನು ಹೋಲಿಸುವುದು ಸಾಮಾನ್ಯ ಓದುಗರಿಗೆ ಕಷ್ಟ. ಇದಕ್ಕಾಗಿ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಒಂದು ಸುಲಭದ ಅಳತೆಯನ್ನು ಬಳಕೆಗೆ ತಂದರು. ಅದರ ಹೆಸರು ಸೆಂಟ್. ಮನೆ ಕಟ್ಟುವ ಜಾಗವನ್ನು ಸೆಂಟ್ಸ್ ಲೆಕ್ಕದಲ್ಲಿ ಕೊಳ್ಳುವ ಕರಾವಳಿಯ ಓದುಗರಿಗೆ ಈ ಪದ ಹೊಸದಲ್ಲ. ಅಲ್ಲಿ ಎಕರೆಯ ನೂರನೇ ಒಂದು ಪಾಲು ಸೆಂಟ್. ಇಲ್ಲಿ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರದ ನೂರನೇ ಒಂದು ಪಾಲು ಸೆಂಟ್. ಕೆಳಗಿನ 'ಸ'ದಿಂದ ಮೇಲಿನ 'ಸ'ದವರೆಗಿನ ಇಡೀ ಸಪ್ತಕ 1200 ಸೆಂಟ್.

ಈಗ ಹಳೆಯ ವಿದ್ವಾಂಸರ ಲೆಕ್ಕವನ್ನು ನೋಡೋಣ. 9ಕ್ಕೆ 8ರ ಅನುಪಾತದ ಪೂರ್ಣ ಸ್ವರವೆಂದರೆ 204 ಸೆಂಟ್. 'ಸ'ದಿಂದ 'ಮ'ಕ್ಕೆ 498 ಸೆಂಟ್. ಇದರಲ್ಲಿ ಎರಡು ಪೂರ್ಣ ಸ್ವರಗಳನ್ನು ಕಳೆದರೆ 90 ಸೆಂಟ್ ಉಳಿಯುತ್ತದೆ. ಗ್ರೀಕರು ಇದನ್ನು ಲಿಮ್ಮ ಎಂದರು, ಅರಬರು ಬಖಿಯ್ಯ ಎಂದರು. ಎರಡಕ್ಕೂ 'ಉಳಿಕೆ' ಎಂದೇ ಅರ್ಥ. ಒಂದು ಪೂರ್ಣ ಸ್ವರದಿಂದ ಎರಡು ಉಳಿಕೆಗಳನ್ನು ಕಳೆದರೆ ಮತ್ತೆ 24 ಸೆಂಟ್ ಮಿಗುತ್ತದೆ. ಇದು ಕೊಮ್ಮ. ಖುರಾಸಾನಿನ ತಂಬೂರ್ ಎಂಬ ವಾದ್ಯದಲ್ಲಿ ಪೂರ್ಣ ಸ್ವರವನ್ನು ಹೀಗೆಯೇ ಉಳಿಕೆ, ಉಳಿಕೆ, ಕೊಮ್ಮ ಎಂದು ಒಡೆದು ಮೆಟ್ಟುಗಳನ್ನು ಕಟ್ಟುತ್ತಿದ್ದರೆಂದು ಫಾರಾಬಿ ವಿವರಿಸಿದ್ದಾರೆ. 60 ಸೆಂಟಿಮೀಟರ್ ತಂತಿಯ ತುದಿಯಲ್ಲಿ ಒಂದು ಕೊಮ್ಮ ಎಂದರೆ 8 ಮಿಲಿಮೀಟರ್. ಕಣ್ಣಿಗೆ ಅದು ಚೆನ್ನಾಗಿ ಕಾಣುತ್ತದೆ. ಪಳಗಿದ ಕಿವಿಗೆ ಕೇಳಿಸುತ್ತದೆ ಕೂಡ. ಪಳಗದ ಕಿವಿಗೆ 'ಏನೋ ಸ್ವಲ್ಪ ಬೇರೆ' ಎನಿಸಬಹುದು, ಅಷ್ಟೇ.

ಝಲ್ಝಲ್‌ನ ನಡುಬೆರಳು

ಮೊದಲಿಗೆ ಹೇಳಿದ ಆ ಸ್ವರದ ಕಥೆಗೆ ಬರೋಣ. ಊದ್‌ನಲ್ಲಿ ಸ್ವರಸ್ಥಾನಗಳಿಗೆ ಬೆರಳುಗಳದ್ದೇ ಹೆಸರು: ತೋರುಬೆರಳು ಸಬ್ಬಾಬ, ನಡುಬೆರಳು ವುಸ್ತಾ, ಉಂಗುರ ಬೆರಳು ಬಿನ್ಸಿರ್, ಕಿರುಬೆರಳು ಖಿನ್ಸಿರ್. ಹಿಂದೂಸ್ತಾನಿ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಹಳೆಯ ನಡುಬೆರಳಿನ ಜಾಗ ಕೋಮಲ ಗಂಧಾರ, 294 ಸೆಂಟ್. ಉಂಗುರ ಬೆರಳಿನ ಜಾಗ ಶುದ್ಧ ಗಂಧಾರ, 408 ಸೆಂಟ್. ಖಲೀಫಾ ಹಾರೂನ್ ರಶೀದರ ಕಾಲದ ಮನ್ಸೂರ್ ಝಲ್ಝಲ್ ಎಂಬ ಊದ್ ವಾದಕನ ಹೆಸರು ಇವೆರಡರ ನಡುವಿನ ಒಂದು ಸ್ವರಕ್ಕೆ ಅಂಟಿಕೊಂಡಿತು. ಅದೇ 'ವುಸ್ತಾ ಝಲ್ಝಲ್'. ಅದು ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಹಾರ್ಮೋನಿಯಂನಲ್ಲಿ ಅದಕ್ಕೆ ಮನೆಯೇ ಇಲ್ಲ. ಝಲ್ಝಲ್ ಜನರ ಉಪಯೋಗಕ್ಕೆ ಬಿಟ್ಟುಹೋದ ಒಂದು ಕೊಳ ಕೂಡ ಬಗ್ದಾದಿನಲ್ಲಿ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿತ್ತು.

ಝಲ್ಝಲ್ ಲೆಕ್ಕ ಮಾಡಿ ಬೆರಳು ಇಡಲಿಲ್ಲ. ಕಿವಿ ಒಪ್ಪಿದಲ್ಲಿ ಇಟ್ಟ. ಜನರೂ ಒಪ್ಪಿದರು. ಒಂದೂವರೆ ಶತಮಾನ ಕಳೆದ ಮೇಲೆ ಫಾರಾಬಿ ಅದನ್ನು ಅಳೆದಾಗ 27ಕ್ಕೆ 22, ಅಂದರೆ ಸುಮಾರು 354 ಸೆಂಟ್ ಸಿಕ್ಕಿತು. ಇಬ್ನ್ ಸೀನಾರ 39ಕ್ಕೆ 32 ಎಂದರೆ ಸುಮಾರು 342 ಸೆಂಟ್. ವ್ಯತ್ಯಾಸ 12 ಸೆಂಟ್, ಅರ್ಧ ಕೊಮ್ಮ. ಪಳಗಿದವರು ಎರಡನ್ನೂ ಒಂದರ ಬೆನ್ನಿಗೆ ಒಂದು ನುಡಿಸಿ ಕೇಳಿದರೆ ಈ ವ್ಯತ್ಯಾಸ ಹಿಡಿಯಬಲ್ಲರು. ಆದರೆ ಓಡುವ ರಾಗದ ನಡುವೆ ಯಾರೂ ಅದನ್ನು ಬೇರೆ ಸ್ವರ ಎಂದು ಎಣಿಸುವುದಿಲ್ಲ.

ಆದ್ದರಿಂದ ಇಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆಯೇ ಅಷ್ಟು ಸರಿಯಲ್ಲ. ಇಬ್ಬರೂ ಅಳೆದದ್ದು ಬಿಂದುವನ್ನಲ್ಲ, ಒಂದು ಪುಟ್ಟ ವಲಯವನ್ನು. ಆ ವಲಯದೊಳಗೆ ಬೆರಳು ಎಲ್ಲಿ ಬಿದ್ದರೂ ಕೇಳುಗನಿಗೆ ಅದು ಝಲ್ಝಲ್‌ನ ಸ್ವರವೇ. ಸಂಖ್ಯೆಗೆ ಒಂದೇ ಜಾಗ ಬೇಕು; ಕಿವಿಗೆ ಸ್ವಲ್ಪ ಎಡೆ ಬೇಕು.

ನಲವತ್ತು ಪಾಲಿನ ತಂತಿ

ಫಾರಾಬಿಯವರ 'ಕಿತಾಬುಲ್ ಮೂಸೀಖಲ್ ಕಬೀರ್' ಎಂಬ ಬೃಹತ್ ಗ್ರಂಥದಲ್ಲಿ ಬಗ್ದಾದಿನ ತಂಬೂರಿನ ವಿವರಣೆಯೂ ಇದೆ. ಇಸ್ಲಾಮ್‌ಗೆ ಮುಂಚಿನ ಜಾಹಿಲಿಯ್ಯ ಕಾಲದ ಮೆಟ್ಟುಗಳು ಅದರಲ್ಲಿ ಇನ್ನೂ ಉಳಿದಿದ್ದವು. ತಂತಿಯನ್ನು 40 ಸಮಪಾಲು ಮಾಡಿ, ಮೊದಲ ಐದು ಪಾಲುಗಳಲ್ಲಿ ಮೆಟ್ಟು ಕಟ್ಟುವುದು ಆ ಪದ್ಧತಿ. ಪಟ್ಟಿ ಹಿಡಿದು ನೋಡಿದರೆ ಎಲ್ಲ ಪಾಲೂ ಸಮ. ಆದರೆ ಸ್ವರದ ಲೆಕ್ಕದಲ್ಲಿ ಅವು ಸಮವಲ್ಲ: ಮೊದಲ ಹೆಜ್ಜೆ 44 ಸೆಂಟ್, ಐದನೆಯದು 49 ಸೆಂಟ್. ಉದ್ದ ಒಂದೇ ಆದರೂ, ತಂತಿ ಗಿಡ್ಡವಾಗುತ್ತಾ ಹೋದಂತೆ ಅಷ್ಟೇ ಉದ್ದದ ಪಾಲು ಹೆಚ್ಚು ಸ್ವರವನ್ನು ಏರಿಸುತ್ತದೆ.

44 ಮತ್ತು 49ರ ನಡುವಿನ 5 ಸೆಂಟ್ ವ್ಯತ್ಯಾಸ ಕೇಳಿಸುತ್ತದೆಯೇ? ಅದು ಕಿವಿಯ ಅಂಚಿನಲ್ಲಿರುವ ಸಂಗತಿ. ತಂಬೂರ್ ಕಟ್ಟಿದವರು ಕೈಯ ಅನುಕೂಲಕ್ಕಾಗಿ ಸಮ ಉದ್ದ ಹಿಡಿದರು. ಅದರಿಂದ ಬಂದ ಅಸಮಾನತೆ ಕಿವಿಗೆ ಅಡ್ಡಿ ಮಾಡಲಿಲ್ಲ. ಈ ವಾದ್ಯ ಜನಬಳಕೆಯಲ್ಲಿ ಉಳಿದುಬಂದದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಫಾರಾಬಿ ಇಲ್ಲಿ ಒಂದು ಮುಖ್ಯ ನಿಲುವು ತಾಳಿದರು. ಗ್ರಹಗಳು ಚಲಿಸುವಾಗ ಸಂಗೀತ ಹೊಮ್ಮುತ್ತದೆ, ಆದರೆ ಅದು ನಮಗೆ ಕೇಳಿಸುವುದಿಲ್ಲ ಎಂದು ಪೈಥಾಗೊರಸನ ಅನುಯಾಯಿಗಳು ನಂಬಿದ್ದರು. ಫಾರಾಬಿ ಇದನ್ನು ಒಪ್ಪಲಿಲ್ಲ. ಸಂಗೀತಶಾಸ್ತ್ರದ ಮೂಲತತ್ವಗಳು ಅನುಭವದಿಂದ, ಅಂದರೆ ಕೇಳಿ ಪರೀಕ್ಷಿಸಿದ್ದರಿಂದ ಬರಬೇಕು. ಹಾಡುವ-ನುಡಿಸುವ ಕಲೆ ಮೊದಲು ಹುಟ್ಟಿತು, ಶಾಸ್ತ್ರ ಬಹಳ ತಡವಾಗಿ ಬಂತು ಎಂಬುದು ಅವರ ವಾದ. ಇದಕ್ಕೂ ಮುಂಚೆ ಗ್ರೀಸಿನ ಅರಿಸ್ಟಾಕ್ಸೆನಸ್, ಕಂಠ ಹಾಡಬಲ್ಲ ಮತ್ತು ಕಿವಿ ಗುರುತಿಸಬಲ್ಲ ಅತಿ ಸಣ್ಣ ಅಂತರವೇ ಸಂಗೀತದ ಕನಿಷ್ಠ ಅಳತೆ ಎಂದಿದ್ದ. ಅವನಿಗೆ ಅದು ಪೂರ್ಣ ಸ್ವರದ ಕಾಲು ಭಾಗ. ಫಾರಾಬಿ ಲೆಕ್ಕವನ್ನು ಬಿಡಲಿಲ್ಲ. ಆದರೆ ಲೆಕ್ಕವು ಕಿವಿಯ ಮುಂದೆ ಮರಳಿ ಬಂದು ನಿಲ್ಲಬೇಕು ಎಂದರು.

ಸಫಿಯುದ್ದೀನರ 17 ಸ್ವರಗಳು

13ನೇ ಶತಮಾನದಲ್ಲಿ ಸಫಿಯುದ್ದೀನ್ ಅಲ್ ಉರ್ಮವಿ ಬಂದರು. ಅವರು ಕೊನೆಯ ಅಬ್ಬಾಸಿ ಖಲೀಫಾ ಅಲ್ ಮುಸ್ತಅಸಿಮ್‌ರ ಆಸ್ಥಾನದಲ್ಲಿ ಲಿಪಿಕಾರರೂ ಸಂಗೀತಗಾರರೂ ಆಗಿದ್ದರು. ಕ್ಯಾಲಿಗ್ರಫಿಯಲ್ಲಿ ಜಗದ್ವಿಖ್ಯಾತನಾದ ಯಾಕೂತ್ ಅಲ್ ಮುಸ್ತಅಸಿಮಿ ಇವರ ಶಿಷ್ಯ. 1258ರಲ್ಲಿ ಹುಲಾಗುವಿನ ಸೈನ್ಯ ಬಗ್ದಾದನ್ನು ಸುಟ್ಟು ಹಾಳುಗೆಡವಿದಾಗಲೂ ಇವರು ಬದುಕಿ ಉಳಿದರು. 1294ರಲ್ಲಿ ತೀರಿಕೊಂಡರು.

ಅವರ 'ಕಿತಾಬುಲ್ ಅದ್ವಾರ್' ಅನ್ನು ಅರಬ್, ಪರ್ಷಿಯನ್ ಮತ್ತು ತುರ್ಕಿ ಸಂಗೀತಶಾಸ್ತ್ರಜ್ಞರು ಶತಮಾನಗಳ ಕಾಲ ಆಧಾರ ಗ್ರಂಥವಾಗಿ ಓದಿದರು. ಅದರಲ್ಲಿ ಅವರು ಸಪ್ತಕವನ್ನು 17 ಹೆಜ್ಜೆಗಳಾಗಿ ವಿಭಾಗಿಸಿದರು. 12 ಉಳಿಕೆಗಳು ಮತ್ತು 5 ಕೊಮ್ಮಗಳು. ಕೂಡಿಸಿ ನೋಡಿ: 1083 ಮತ್ತು 117 ಸೇರಿದರೆ 1200. ಒಂದು ಸೆಂಟ್ ಕೂಡ ಆಚೀಚೆ ಇಲ್ಲ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಅದಕ್ಕೆ ಮುಂಚೆ ಇರಲಿಲ್ಲ.

ಈ ಅಚ್ಚುಕಟ್ಟುತನಕ್ಕೆ ಒಂದು ಬೆಲೆಯನ್ನೂ ತೆರಬೇಕಾಯಿತು. ಉಳಿಕೆ ಮತ್ತು ಕೊಮ್ಮಗಳಿಂದಲೇ ಎಲ್ಲವನ್ನೂ ಕಟ್ಟಬೇಕಾದ್ದರಿಂದ, ಝಲ್ಝಲ್‌ನ ನಡುಬೆರಳಿನ ಸ್ವರಕ್ಕೆ ಈ ಲೆಕ್ಕದಲ್ಲಿ ಸಿಕ್ಕ ಜಾಗ 384 ಸೆಂಟ್. ಫಾರಾಬಿ ಅಳೆದದ್ದು 354. ಅಂದರೆ ಸ್ವರ 30 ಸೆಂಟ್ ಮೇಲಕ್ಕೆ ಸರಿಯಿತು. ಇದು ಕೂದಲೆಳೆಯಲ್ಲ, ಯಾರ ಕಿವಿಗೂ ತಿಳಿಯುವಷ್ಟು ದೂರ. ವಾದಕರು ಮಾತ್ರ ತಮಗೆ ರೂಢಿಯಾದ ಜಾಗದಲ್ಲೇ ಬೆರಳಿಟ್ಟಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಪುಸ್ತಕದ ಸ್ವರ ಒಂದು, ಕೈಯ ಸ್ವರ ಇನ್ನೊಂದು.

ಇದೇ ವ್ಯವಸ್ಥೆಯಲ್ಲಿ ಇನ್ನೊಂದು ವಿಸ್ಮಯವಿದೆ. ಸಫಿಯುದ್ದೀನರ 384 ಸೆಂಟ್ ಸ್ವರದ ಅನುಪಾತ 8192ಕ್ಕೆ 6561. ಇದರ ಪಕ್ಕದಲ್ಲೇ 5ಕ್ಕೆ 4 ಎಂಬ ಸರಳ ಅನುಪಾತದ ಸ್ವರವಿದೆ, 386 ಸೆಂಟ್. ಅಷ್ಟು ದೊಡ್ಡ ಸಂಖ್ಯೆಗಳಿಗೂ ಇಷ್ಟು ಚಿಕ್ಕ ಸಂಖ್ಯೆಗಳಿಗೂ ನಡುವಿನ ವ್ಯತ್ಯಾಸ ಕೇವಲ 2 ಸೆಂಟ್! 60 ಸೆಂಟಿಮೀಟರ್ ತಂತಿಯಲ್ಲಿ ಅದು ಅರ್ಧ ಮಿಲಿಮೀಟರ್. ತಂತಿಯೇ ಅಷ್ಟು ದಪ್ಪವಿರಬಹುದು. ಕಾಗದದ ಮೇಲೆ ಇವು ಎರಡು ಬೇರೆ ಬೇರೆ ಸ್ವರಗಳು. ಒಂದಾದ ಮೇಲೆ ಒಂದರಂತೆ ನುಡಿಸಿದರೆ ಯಾವ ಉಸ್ತಾದರ ಕಿವಿಗೂ ಅವು ಒಂದೇ ಸ್ವರ.

ಕಿವಿ ಎಷ್ಟು ಕೇಳುತ್ತದೆ?

ಇಂದಿನ ಪ್ರಯೋಗಶಾಲೆಗಳು ಏನು ಹೇಳುತ್ತವೆ? ಎರಡು ಸ್ವರಗಳನ್ನು ಒಂದರ ನಂತರ ಒಂದು ಕೇಳಿಸಿದಾಗ, ಹಾಡುವ ಕಂಠದ ಮಧ್ಯಮ ಎತ್ತರದಲ್ಲಿ, ಸಾಮಾನ್ಯವಾಗಿ ಐದಾರು ಸೆಂಟ್ ವ್ಯತ್ಯಾಸದವರೆಗೆ ಮನುಷ್ಯರು ಗುರುತಿಸಬಲ್ಲರು. ತರಬೇತಿ ಪಡೆದವರು ಅದಕ್ಕಿಂತಲೂ ಸ್ವಲ್ಪ ಸೂಕ್ಷ್ಮ. ಸ್ವರ ಬಹಳ ತಗ್ಗಿನಲ್ಲಿದ್ದರೆ, ಬಹಳ ಚಿಕ್ಕದಾಗಿ ಬಂದು ಹೋದರೆ, ಗದ್ದಲವಿದ್ದರೆ ಈ ಶಕ್ತಿ ಕುಗ್ಗುತ್ತದೆ.

ಎರಡು ಸ್ವರಗಳು ಒಟ್ಟಿಗೆ ನುಡಿದಾಗ ಪರಿಸ್ಥಿತಿಯೇ ಬೇರೆ. 'ಸ' ಸೆಕೆಂಡಿಗೆ 240 ಬಾರಿ ಕಂಪಿಸುತ್ತದೆ ಎನ್ನೋಣ. ಇನ್ನೊಂದು ತಂತಿ 241 ಬಾರಿ ಕಂಪಿಸಿದರೆ ಎರಡರ ನಾದವೂ ಕೂಡಿ ಸೆಕೆಂಡಿಗೆ ಒಂದು ಬಾರಿ ಏರಿ ಇಳಿಯುತ್ತದೆ. ವಾಂವ್... ವಾಂವ್... ಎಂದು ತೂಗಾಡುವ ಆ ಅಲೆಯನ್ನು ಸಂಗೀತ ಕಲಿಯದವರೂ ಕೇಳಬಲ್ಲರು. ತಂತಿ ಕೂಡಿಸುವವರು ನಿಜವಾಗಿ ಕೇಳುವುದು ಈ ಅಲೆಯನ್ನೇ. ಅಲೆ ನಿಧಾನವಾಗುತ್ತಾ ನಿಂತುಹೋದರೆ ಶ್ರುತಿ ಸೇರಿತು ಎಂದರ್ಥ. ಒಂದಾದ ಮೇಲೊಂದು ಕೇಳಿದಾಗ ಸಿಗದ 2 ಸೆಂಟ್ ವ್ಯತ್ಯಾಸ ಈ ದಾರಿಯಿಂದ ಸಿಗುತ್ತದೆ. ಖಲೀಫರ ಆಸ್ಥಾನದ ಇಬ್ರಾಹೀಮ್ ಮೌಸಿಲಿ, ಅವರ ಮಗ ಇಸ್‌ಹಾಕ್ ಮೊದಲಾದವರ ಸೂಕ್ಷ್ಮ ಕಿವಿಯ ಬಗ್ಗೆ ಹಲವು ಕಥೆಗಳಿವೆ. ಹಲವು ಊದ್‌ಗಳು ಒಟ್ಟಿಗೆ ನುಡಿಯುವಾಗ ಒಂದರ ತಂತಿ ಕದಲಿದೆ ಎಂದು ಪತ್ತೆ ಹಚ್ಚುವುದು ನಂಬಲಾಗದ ಮಾತೇನೂ ಅಲ್ಲ. ಒಟ್ಟಿಗೆ ನುಡಿದಾಗ ಕಿವಿಗೆ ಈ ಅಲೆಯ ಸಹಾಯ ಸಿಗುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಗುಣವೂ ಕಿವಿಗಿದೆ. ಅದು ಸಣ್ಣ ತಪ್ಪುಗಳನ್ನು ಮನ್ನಿಸುತ್ತದೆ. ಒಳ್ಳೆಯ ಗಾಯಕರ ಕಂಠ ಕೂಡ ಒಂದು ಸ್ವರದ ಮೇಲೆ ನಿಂತಾಗ ಹಲವು ಸೆಂಟ್‌ಗಳಷ್ಟು ಆಚೀಚೆ ತೂಗುತ್ತಿರುತ್ತದೆ. ನಾವು ಅದನ್ನು ಒಂದೇ ಸ್ವರವಾಗಿ ಕೇಳುತ್ತೇವೆ. ಬೇರೆ ಬೇರೆಯವರು 'ಅಲಿಫ್' ಬರೆದಾಗ ಒಂದು ಸ್ವಲ್ಪ ವಾಲಿರುತ್ತದೆ, ಇನ್ನೊಂದು ಉದ್ದವಿರುತ್ತದೆ. ಓದುವವರಿಗೆ ಎಲ್ಲವೂ ಅಲಿಫ್ ತಾನೇ? ಹಾಗೆಯೇ ಇದು. ವ್ಯತ್ಯಾಸ ಕೇಳಿಸುವುದು ಬೇರೆ, ಅದನ್ನು ಬೇರೆ ಸ್ವರವೆಂದು ಎಣಿಸುವುದು ಬೇರೆ. ಈ ಎರಡನ್ನು ಒಂದೇ ಎಂದು ಭಾವಿಸಿದಲ್ಲೆಲ್ಲ ಮುಂದೆ ಜಗಳ ಹುಟ್ಟಿತು.

ಕೈರೊ, 1932

ಅಂತಹ ಜಗಳಗಳಲ್ಲಿ ದೊಡ್ಡದು ಕೈರೊದಲ್ಲಿ ನಡೆಯಿತು. 19ನೇ ಶತಮಾನದಲ್ಲಿ ಲೆಬನಾನಿನ ಮೀಖಾಈಲ್ ಮಿಶಾಕ ಎಂಬ ವೈದ್ಯ-ವಿದ್ವಾಂಸರು ಸಪ್ತಕವನ್ನು 24 ಕಾಲು ಸ್ವರಗಳಾಗಿ ವಿಭಾಗಿಸುವ ಪದ್ಧತಿಯನ್ನು ವಿವರಿಸಿ ಬರೆದರು. ಪ್ರತಿಯೊಂದೂ ಸಮವಾದರೆ 50 ಸೆಂಟ್. ಲೆಕ್ಕಕ್ಕೆ ಬಹಳ ಸುಲಭ. ಝಲ್ಝಲ್‌ನ ಸ್ವರ ಇದರಲ್ಲಿ 350 ಸೆಂಟ್, ಅಂದರೆ ಫಾರಾಬಿ ಮತ್ತು ಇಬ್ನ್ ಸೀನಾರ ಅಳತೆಗಳ ನಡುವೆಯೇ ಬೀಳುತ್ತದೆ!

1932ರಲ್ಲಿ ಈಜಿಪ್ಟಿನ ದೊರೆ ಒಂದನೆಯ ಫುಆದ್ ಆಶ್ರಯದಲ್ಲಿ ಅರಬ್ ಸಂಗೀತದ ಮಹಾ ಸಮ್ಮೇಳನ ಸೇರಿತು. ಇರಾಕ್, ಸಿರಿಯಾ, ಟ್ಯುನೀಷಿಯಾ, ಮೊರಾಕ್ಕೊ, ತುರ್ಕಿ ಮುಂತಾದ ಕಡೆಗಳಿಂದ ಸಂಗೀತಗಾರರು, ಯುರೋಪಿನಿಂದ ಬೇಲಾ ಬಾರ್ಟಾಕ್, ಹೆನ್ರಿ ಜಾರ್ಜ್ ಫಾರ್ಮರ್ ಮೊದಲಾದವರು ಬಂದರು. 24 ಸಮ ಪಾಲುಗಳನ್ನು ಇಡೀ ಅರಬ್ ಸಂಗೀತದ ಅಳತೆಗೋಲಾಗಿ ಒಪ್ಪಬೇಕೆ ಎಂಬುದು ಒಂದು ಮುಖ್ಯ ಪ್ರಶ್ನೆ. ಅದಕ್ಕಾಗಿ ಒಂದು ಸಮಿತಿಯೇ ಇತ್ತು. ವಾದಕರ ಸ್ವರಗಳನ್ನು ಅಳೆದು ನೋಡಿದರು. ಒಮ್ಮತ ಮೂಡಲಿಲ್ಲ.

ಏಕೆ? ಒಂದೇ ಹೆಸರಿನ ಸ್ವರ ಒಂದೊಂದು ಊರಿನಲ್ಲಿ ಒಂದೊಂದು ಎತ್ತರದಲ್ಲಿತ್ತು. ಕೈರೊದವರ 'ಸೀಕಾಹ್' ತಗ್ಗಿನಲ್ಲಿ, ಹಲಬ್‌ನವರದ್ದು ತುಸು ಮೇಲೆ, ತುರ್ಕಿಯವರದ್ದು ಇನ್ನೂ ಮೇಲೆ. ತುರ್ಕಿಯವರು ಪೂರ್ಣ ಸ್ವರವನ್ನು 9 ಕೊಮ್ಮಗಳಾಗಿ ಎಣಿಸುವವರು, ಸಪ್ತಕಕ್ಕೆ 53 ಕೊಮ್ಮ. ಸಫಿಯುದ್ದೀನರ ಲೆಕ್ಕದ ಎತ್ತರದ ಸ್ವರವೇ ಅವರ ಶಾಸ್ತ್ರದಲ್ಲಿ ಉಳಿದುಕೊಂಡಿತ್ತು. ಅಲ್ಲಿಂದ ಬಂದಿದ್ದ ರಊಫ್ ಯಕ್ತಾ ಸಮ ಪಾಲುಗಳನ್ನು ಒಪ್ಪಲಿಲ್ಲ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಊರು ಕಲಿಸಿದ ಕಿವಿಯಿಂದ ಕೇಳುತ್ತಿದ್ದರು. 24 ಪಾಲಿನ ಲೆಕ್ಕ ಕೊನೆಗೂ ಶಾಲೆಗಳಲ್ಲಿ, ಬರವಣಿಗೆಯಲ್ಲಿ ಉಳಿಯಿತು. ನಿಜವಾದ ಗಾಯಕರು ಅದನ್ನು ಗುರುತಿನ ಕಲ್ಲಾಗಿ ಮಾತ್ರ ಇಟ್ಟುಕೊಂಡು, ತಮ್ಮ ಸ್ವರವನ್ನು ತಮ್ಮ ಗುರುಗಳಿಂದಲೇ ಕಲಿತರು.

ನಮ್ಮ ನೆರೆಯ ಮೀರಜ್

ಇಂಥದೇ ಪ್ರಶ್ನೆ ನಮ್ಮ ನೆರೆಯಲ್ಲೂ ಎದ್ದಿತ್ತು. ಭರತನ ನಾಟ್ಯಶಾಸ್ತ್ರ ಸಪ್ತಕಕ್ಕೆ 22 ಶ್ರುತಿಗಳನ್ನು ಹೇಳುತ್ತದೆ. ಅವುಗಳ ನಿಖರ ಅಳತೆ ಏನು ಎಂಬ ಹುಡುಕಾಟಕ್ಕೆ 20ನೇ ಶತಮಾನದ ಆರಂಭದಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ್ ಕೈಹಾಕಿದರು. ತಂತಿ ಅಳೆಯುವ ಅವರಿಗೆ ಕಂಠ ಒದಗಿಸಿದವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್. ಕೈರಾನಾದಲ್ಲಿ ಹುಟ್ಟಿ ಮೀರಜ್‌ನಲ್ಲಿ ನೆಲೆಸಿದ ಇವರು ಕುಂದಗೋಳದ ಸವಾಯಿ ಗಂಧರ್ವರ ಗುರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಆ ಪರಂಪರೆ ಹರಿದು ಉತ್ತರ ಕರ್ನಾಟಕದ ಸ್ವತ್ತಾಯಿತು.

ದೇವಲ್ 1910ರಲ್ಲಿ ತಮ್ಮ ಪುಸ್ತಕ ಪ್ರಕಟಿಸಿದರು. ಇ. ಕ್ಲೆಮೆಂಟ್ಸ್ ಎಂಬ ಬ್ರಿಟಿಷ್ ಅಧಿಕಾರಿ ಅವರ ಜೊತೆ ಸೇರಿದರು. 22 ಶ್ರುತಿಗಳನ್ನು ನುಡಿಸುವ ಹಾರ್ಮೋನಿಯಂ ತಯಾರಾಯಿತು. ಅದರಲ್ಲಿ ಕೆಲವು ಶ್ರುತಿಗಳ ನಡುವಿನ ಅಂತರ ಕೇವಲ 22 ಸೆಂಟ್. 1916ರ ಬರೋಡದ ಸಂಗೀತ ಸಮ್ಮೇಳನದಲ್ಲಿ ಈ ವಾದ್ಯ ವಿವಾದಕ್ಕೆ ಗುರಿಯಾಯಿತು. ಪಂಡಿತ ಭಾತಖಂಡೆಯವರು ಈ ಅಳತೆಗಳನ್ನು ಒಪ್ಪಲಿಲ್ಲ.

ಬಹಳ ವರ್ಷಗಳ ನಂತರ, 1963ರಲ್ಲಿ, ನಜೀರ್ ಅಲಿ ಜೈರಾಜ್‌ಭಾಯ್ ಮತ್ತು ಎ. ಡಬ್ಲ್ಯು. ಸ್ಟೋನ್ ಹಿಂದೂಸ್ತಾನಿ ಸಂಗೀತಗಾರರ ಸ್ವರಗಳನ್ನು ಯಂತ್ರದಿಂದ ಅಳೆದು ಫಲಿತಾಂಶ ಪ್ರಕಟಿಸಿದರು. ಒಬ್ಬರಿಂದ ಒಬ್ಬರಿಗೆ ಗಂಧಾರ ಬದಲಾಗುತ್ತಿತ್ತು. ಅಷ್ಟೇ ಅಲ್ಲ, ಒಬ್ಬರದೇ ಹಾಡುಗಾರಿಕೆಯ ಒಳಗೂ ಅದು ಒಂದೇ ಬಿಂದುವಿನಲ್ಲಿ ನಿಂತಿರಲಿಲ್ಲ. ಫಾರಾಬಿ ಮತ್ತು ಇಬ್ನ್ ಸೀನಾರ ಎರಡು ಅಳತೆಗಳು ನಮಗೆ ತಿಳಿಸಿದ್ದನ್ನೇ ಯಂತ್ರವೂ ಹೇಳಿತು: ಸ್ವರವೆಂಬುದು ಒಂದು ವಲಯ.

ಹಾಗಾದರೆ ಅಬ್ದುಲ್ ಕರೀಮ್ ಖಾನರ ಸೂಕ್ಷ್ಮ ಸ್ವರ ಬರೀ ಭ್ರಮೆಯೇ? ಖಂಡಿತ ಅಲ್ಲ. ಅವರ ಧ್ವನಿಮುದ್ರಿಕೆಗಳನ್ನು ಇಂದಿಗೂ ಕೇಳಬಹುದು. ತಂಬೂರಿಯ ನಾದದ ಜೊತೆ ಅವರ ಕಂಠ ಅಲೆಯಿಲ್ಲದೆ ಬೆರೆಯುವುದನ್ನು ಯಾರೂ ಗುರುತಿಸಬಲ್ಲರು. ಸಂಖ್ಯೆಗೆ ಸಿಗಲಿಲ್ಲವೆಂದ ಮಾತ್ರಕ್ಕೆ ಉಸ್ತಾದರ ಜ್ಞಾನ ಸುಳ್ಳಾಗುವುದಿಲ್ಲ. ಬರೆದಿಡಲಿಲ್ಲವೆಂದ ಮಾತ್ರಕ್ಕೆ ಅವರು ಅಜ್ಞಾನಿಗಳೂ ಆಗುವುದಿಲ್ಲ. ಗುರುವಿನ ಎದುರು ವರ್ಷಗಟ್ಟಲೆ ಕೂತು ಕಲಿಯುವ ವಿದ್ಯೆಯನ್ನು ಪುಸ್ತಕದ ಪಂಡಿತರು ಕೀಳಾಗಿ ಕಂಡ ಕಾಲವೊಂದಿತ್ತು. ಆ ಅನ್ಯಾಯವನ್ನೂ ನಾವು ನೆನಪಿಡಬೇಕು.

ನಮಗಿರುವ ಪಾಠ

ಇದೆಲ್ಲ ಹಳೆಯ ಕಥೆ, ನಮಗೇನು ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಈಜಿಪ್ಟಿನ ಅಬ್ದುಲ್ ಬಾಸಿತ್ ಅಥವಾ ಮಿನ್ಶಾವಿಯವರ ಖಿರಾಅತ್ ಕೇಳುವ ರೂಢಿಯಿದೆ. ಆ ಖಾರಿಗಳು ಪಾರಾಯಣವನ್ನು ಬಹಳ ಸಲ ಆರಂಭಿಸುವುದು 'ಬಯಾತಿ' ಎಂಬ ಮಕಾಮ್‌ನಲ್ಲಿ. ಅದರ ಎರಡನೆಯ ಸ್ವರ ಕೋಮಲಕ್ಕೂ ಶುದ್ಧಕ್ಕೂ ನಡುವಿನದು. ಝಲ್ಝಲ್‌ನ ನಡುಬೆರಳಿನ ಬಳಗಕ್ಕೆ ಸೇರಿದ್ದು. ಅಕ್ಷರ ಬಾರದ ಮಗು ಕೂಡ ಅದನ್ನು ಕೇಳಿ ಅಂತೆಯೇ ಓದುತ್ತದೆ. ಯಾವ ಸಂಖ್ಯೆಯನ್ನೂ ಕಲಿಯದೆ ಆ ಸ್ವರ ಬಗ್ದಾದ್, ಕೈರೊಗಳಿಂದ ನಮ್ಮ ಮನೆಯ ಪಡಸಾಲೆಯವರೆಗೆ ಕಿವಿಯಿಂದ ಕಿವಿಗೆ ಬಂದಿದೆ.

ಆದರೆ ಇಂದು ಮಕ್ಕಳು ಹೆಚ್ಚಾಗಿ ಕೇಳುವುದು 12 ಮನೆಗಳ ಕೀಬೋರ್ಡಿನ ಮೇಲೆ ಹೊಸೆದ ಹಾಡುಗಳನ್ನು. ಸ್ವರ ತಿದ್ದುವ ತಂತ್ರಾಂಶವನ್ನು ಆ 12 ಮನೆಗಳಿಗೆ ಹೊಂದಿಸಿದರೆ 350 ಸೆಂಟ್‌ನ ಸ್ವರವನ್ನು ಅದು ತಪ್ಪೆಂದು ಬಗೆದು 300ಕ್ಕೋ 400ಕ್ಕೋ ಎಳೆದುಬಿಡುತ್ತದೆ. ಕೇಳುತ್ತಾ ಕೇಳುತ್ತಾ ಕಿವಿಯೂ ಹಾಗೆಯೇ ಎಣಿಸಲು ಕಲಿಯುತ್ತದೆ. ಆಗ ಖಾರಿಯ ಸ್ವರವೇ ಅಪಸ್ವರ ಎನಿಸಲೂಬಹುದು. ಸೂಕ್ಷ್ಮ ಸ್ವರ ನಾಶವಾಗುವುದು ಹೀಗೆ. ಅದನ್ನು ಯಾರೂ ನಿಷೇಧಿಸಬೇಕಿಲ್ಲ, ಕೇಳುವುದನ್ನು ನಿಲ್ಲಿಸಿದರೆ ಸಾಕು. ಮಕ್ಕಳಿಗೆ ತಜ್ವೀದ್ ಕಲಿಸುವಾಗ ಹಿರಿಯ ಖಾರಿಗಳ ಪಾರಾಯಣವನ್ನು ಗಮನವಿಟ್ಟು ಕೇಳಿಸುವುದು ಇದಕ್ಕಿರುವ ಸರಳ ಪರಿಹಾರ.

ಇನ್ನೊಂದು ಪಾಠ ಮಾತಿನ ಸತ್ಯಕ್ಕೆ ಸಂಬಂಧಿಸಿದ್ದು. ಪೂರ್ವಿಕರ ಹಿರಿಮೆ ಹೇಳುವ ಹುಮ್ಮಸ್ಸಿನಲ್ಲಿ, ಅವರು ಯಾರಿಗೂ ಕೇಳಿಸದ ನಾದಗಳನ್ನು ಕೇಳುತ್ತಿದ್ದರು ಎಂದು ಹೊಗಳುವುದುಂಟು. ಫಾರಾಬಿಯವರಿಗೆ ಇಂಥ ಹೊಗಳಿಕೆ ಬೇಕಿರಲಿಲ್ಲ. ಕೇಳಿಸದ ಗ್ರಹಸಂಗೀತವನ್ನು ಕೇಳಿಸುತ್ತದೆ ಎನ್ನಲು ಒಪ್ಪದಿದ್ದುದೇ ಅವರ ಹಿರಿಮೆ. ಲೆಕ್ಕದಿಂದ ತಿಳಿದದ್ದನ್ನು ಲೆಕ್ಕದ್ದೆಂದೂ ಕಿವಿಯಿಂದ ತಿಳಿದದ್ದನ್ನು ಕಿವಿಯದ್ದೆಂದೂ ಬೇರೆಯಾಗಿ ಇಟ್ಟರು. ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹಾರುವ ಈ ದಿನಗಳಲ್ಲಿ, 'ಕೇಳಿದೆ' ಎನ್ನುವ ಮಾತಿಗೆ ನಾವು ಎಷ್ಟು ಎಚ್ಚರ ವಹಿಸುತ್ತೇವೆ? ಸೂರಃ ಬನೀ ಇಸ್ರಾಈಲ್‌ನ 36ನೇ ಸೂಕ್ತವು ವಿಚಾರಣೆಗೊಳಗಾಗುವವುಗಳ ಪೈಕಿ ಶ್ರವಣವನ್ನೇ ಮೊದಲು ಹೆಸರಿಸುತ್ತದೆ. ಅಲ್ಲಾಹನು ನಮ್ಮ ಕಿವಿಗೆ ಒಂದು ಮಿತಿ ಇಟ್ಟಿದ್ದಾನೆ. ಆ ಮಿತಿಯೊಳಗೆ ಚೆನ್ನಾಗಿ ಕೇಳಿಸಿಕೊಳ್ಳೋಣ. ಮಿತಿಯಾಚೆಗಿನದಕ್ಕೆ ಸುಳ್ಳು ಸಾಕ್ಷಿ ಹೇಳದಿರೋಣ.